ಎತ್ತಿ ತೆಗೆಯಬೇಕಾದ ಗೇಟು

ಕರುಗಳಿಗೆ ಹಾಲು ಸುರಿಯುತ್ತಿದ್ದಾಗ ನಾಯಿ ಬೊಗಳಿತು.

ಬ್ರೈಡಿಯ ಕೈಯಲ್ಲಿದ್ದ ಬಕೆಟ್ ಅರ್ಧಕ್ಕೇ ನಿಂತಿತು. ಹದಿನಾಲ್ಕು ಕರುಗಳು ತೊಟ್ಟಿಯ ರಬ್ಬರ್ ಮೊಲೆಗಳಿಗೆ ಬಾಯಿ ಹಾಕಿ, ಬಾಲ ಕುಣಿಸುತ್ತ, ಇನ್ನೂ ಯಾಕೆ ಹಾಲು ಬರಲಿಲ್ಲವೆಂದು ಹಣೆಯಿಂದ ಗುದ್ದುತ್ತಿದ್ದವು. ಅವಳು ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡೇ ಕೊಟ್ಟಿಗೆಯ ಬಾಗಿಲಿಗೆ ಬಂದಳು.

ತಾರಾನಾಕಿ ಬೆಟ್ಟದ ನೆತ್ತಿಯ ಹಿಮಕ್ಕೆ ಆಗಷ್ಟೇ ಬಿಸಿಲು ತಾಕಿತ್ತು. ಕೆಳಗೆ, ಇಬ್ಬನಿ ತುಂಬಿದ ಹುಲ್ಲುಗಾವಲಿನಲ್ಲಿ, ಕಿತ್ತಳೆ ಜಾಕೆಟ್ಟಿನ ಒಬ್ಬ ಮನುಷ್ಯ ಎರಡು ಉದ್ದನೆಯ ಕೋಲುಗಳನ್ನು ಊರುತ್ತ, ಎರಡು ಹೆಜ್ಜೆಗೊಮ್ಮೆ ನಿಂತು ಎದೆಗೆ ಕಟ್ಟಿಕೊಂಡ ಮೀಟರನ್ನು ನೋಡುತ್ತ, ಮತ್ತೆ ಊರುತ್ತ ಬರುತ್ತಿದ್ದ.

ರಾವಿರಿ.

ಅವನನ್ನು ಕಂಡರೆ ಎದೆ ಹಾರುವುದು ಈಚೆಗೆ ಅಭ್ಯಾಸವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಆದರೆ ಇವತ್ತು ಹಾರಿದ್ದು ಬೇರೆಯದೇ ಕಾರಣಕ್ಕೆ. ಅವನು ಎರಡು ತಿಂಗಳಿಗೊಮ್ಮೆ, ಮಂಗಳವಾರ, ಗ್ಯಾಸ್ ಕಂಪನಿಯ ಗಾಡಿಯಲ್ಲಿ ಬಂದು, ರಸ್ತೆ ಬದಿಯ ಪೆಟ್ಟಿಗೆ ತೆರೆದು ಏನೋ ಅಳೆದು, ಒಂದು ಕಪ್ ಟೀ ಕುಡಿದು ಹೋಗುವವನು. ಹೀಗೆ ಕೋಲು ಹಿಡಿದು, ನೆಲದೊಳಗಿನ ಪೈಪಿನ ನೆತ್ತಿಯ ಮೇಲೇ ನಡೆದು ಯಾವತ್ತೂ ಬಂದವನಲ್ಲ.

ಎಂಟು ವರ್ಷದ ಮಾರ್ನಿ ಅಮ್ಮನ ತೋಳಿನ ಕೆಳಗಿಂದ ತಲೆ ತೂರಿಸಿದಳು. "ಅಮ್ಮ, ರಾವಿರಿ. ಇದು ಅವನು ಬರೋ ಮಂಗಳವಾರ ಅಲ್ವಲ್ಲ."

"ಅಲ್ಲ."

"ಹಾಗಿದ್ರೆ ಯಾಕೆ ಬಂದ?"

"ಹೋಗಿ ಹಾಲು ನೋಡ್ಕೋ. ಆ ಕರಿಯ ಕರು ಎಲ್ಲರದ್ದೂ ಕುಡಿದುಬಿಡುತ್ತೆ."

ರಾವಿರಿ ಬೇಲಿಯ ಗೇಟಿಗೆ ಬಂದ. ಆ ಗೇಟು ಸುಮ್ಮನೆ ತಳ್ಳಿದರೆ ತೆರೆಯುವುದಲ್ಲ. ಒಂದು ಬದಿಯ ಕಂಬ ಸಾಲು ಬಿಟ್ಟು ಎರಡಡಿ ಆಚೆ ನಿಂತಿತ್ತು. ಗೇಟಿಗೆ ಭುಜ ಕೊಟ್ಟು ಮೇಲೆತ್ತಿ ಆಮೇಲೆ ತಳ್ಳಬೇಕು. ಅವನು ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ಎತ್ತಿದ, ತೆರೆದ, ನಕ್ಕ.

"ಒಂದಿನ ಈ ಗೇಟು ನನ್ನ ಭುಜ ಮುರಿಯುತ್ತೆ."

"ಎರಡು ವರ್ಷದಿಂದ ಇದೇ ಹೇಳ್ತಿದ್ದೀರಿ. ಭುಜ ಅಲ್ಲೇ ಇದೆ," ಎಂದಳು ಬ್ರೈಡಿ. ದನಿ ಸರಿಯಾಗಿಯೇ ಬಂತು. "ಏನು, ಕೋಲು ಗೀಲು?"

"ಈ ಸಲ ಪೂರ್ತಿ ಲೈನು ನಡೆದು ನೋಡ್ಬೇಕು. ಪೈಪಿನ ಮೇಲಿನ ಹೊದಿಕೆ ಎಲ್ಲಾದ್ರೂ ಕಿತ್ತಿದೆಯಾ ಅಂತ. ಕಂಪನಿಯಿಂದ ಕಾಗದ ಬಂದಿರಬೇಕಲ್ಲ?"

ಬಂದಿತ್ತು. ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದಳು. ಒಡೆದಿರಲಿಲ್ಲ.

"ಎಲ್ಲಿಂದ ಶುರು?" ಎಂದು ಕೇಳಿದಳು.

"ಹಳ್ಳದಿಂದ ಇಲ್ಲೀವರೆಗೆ ಆಯ್ತು. ಇನ್ನು ಈ ಗೇಟು, ನಿಮ್ಮ ಮನೆಯ ಪಕ್ಕ, ಆಮೇಲೆ ರಸ್ತೆ."

ಈ ಗೇಟು. ಬ್ರೈಡಿ ಖಾಲಿಯಾಗದ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

*

ಆರು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಅವಳ ಗಂಡ ಹೇಮಿಶ್ ಆ ಗೇಟಿಗೆ ಕಂಬ ನೆಡಲು ಹೋಗಿದ್ದ. ಗ್ಯಾಸಿನ ಪೈಪು ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ತೋರಿಸಲು ಬೇಲಿಗಳ ಹತ್ತಿರ ಕಂಪನಿಯವರ ಬಿಳಿ ಗುರುತುಗಂಬಗಳಿವೆ. ಎರಡು ಗುರುತುಗಳ ನಡುವೆ ಪೈಪು ನೆಟ್ಟಗೆ ಹೋಗಿರುತ್ತದೆ ಎಂದು ಅವನು ಕಣ್ಣಳತೆಯಲ್ಲೇ ಅಂದಾಜು ಮಾಡಿದ. ಅಲ್ಲಿ ಅದು ತುಸು ಬಳಸಿಕೊಂಡು ಹೋಗಿತ್ತು. ಟ್ರ್ಯಾಕ್ಟರಿನ ಹಿಂದಿನ ಗುಂಡಿ ಕೊರೆಯುವ ಯಂತ್ರ ಮೊಣಕಾಲುದ್ದ ಇಳಿಯಿತು, ತೊಡೆಯುದ್ದ ಇಳಿಯಿತು, ಆಮೇಲೆ ಠಣ್ ಎಂದು ನಿಂತಿತು.

ಬ್ರೈಡಿ ಓಡಿಹೋದಾಗ ಅವನು ಗುಂಡಿಯೊಳಗೆ ಹೊಟ್ಟೆಯ ಮೇಲೆ ಮಲಗಿ ಕೈಯಿಂದ ಮಣ್ಣು ತೆಗೆಯುತ್ತಿದ್ದ. ಪೈಪು ಒಡೆದಿರಲಿಲ್ಲ. ಅದರ ಕಪ್ಪು ಹೊದಿಕೆ ಮಾತ್ರ ಒಂದೂವರೆ ಅಂಗೈಯಷ್ಟು ಕಿತ್ತುಬಂದು ಒಳಗಿನ ಉಕ್ಕು ಹೊಳೆಯುತ್ತಿತ್ತು.

"ಫೋನ್ ಮಾಡು," ಎಂದಿದ್ದಳು.

"ಯಾರಿಗೆ? ಏನಂತ?" ಹೇಮಿಶನ ಮುಖ ಸುಣ್ಣದಂತಾಗಿತ್ತು. ಅವನು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಉಪನಾಯಕ. ಪೈಪಿನ ಹತ್ತಿರ ಅಗೆಯುವ ಮುಂಚೆ ಫೋನ್ ಮಾಡಿ ಎಂದು ಆ ವಾರವಷ್ಟೇ ಶಾಲೆಯ ಮಕ್ಕಳಿಗೆ ಪಾಠ ಹೇಳಿ ಬಂದಿದ್ದ. "ಮಕ್ಕಳೂ ನಗ್ತಾರೆ ಬ್ರೈಡಿ."

ಅವನು ಕೊಟ್ಟಿಗೆಗೆ ಹೋಗಿ, ಹುಲ್ಲಿನ ಉಂಡೆಗಳಿಗೆ ಸುತ್ತುವ ಹಸಿರು ಪ್ಲಾಸ್ಟಿಕ್ ತಂದ. ಆ ಸೀಮೆಯಲ್ಲಿ ಅದರಿಂದ ಸರಿಹೋಗದ ವಸ್ತುವಿಲ್ಲ. ನಲ್ಲಿ ಸೋರಿದರೆ ಅದು, ಗಾಡಿಯ ಕಿಟಕಿ ಒಡೆದರೆ ಅದು, ಬೂಟು ಬಾಯಿಬಿಟ್ಟರೆ ಅದು. ಪೈಪಿಗೆ ಆರು ಸುತ್ತು ಸುತ್ತಿದ. ಉಂಡೆ ಕಟ್ಟುವ ಕಿತ್ತಳೆ ಹುರಿಯಿಂದ ಎರಡು ಕಡೆ ಬಿಗಿದ. ಮಣ್ಣು ಮುಚ್ಚಿ ಕಂಬವನ್ನು ಎರಡಡಿ ಆಚೆ ನೆಟ್ಟ. "ನೀರು ಹನಿಯೂ ಹೋಗಲ್ಲ. ನೀನು ಯಾರಿಗೂ ಹೇಳ್ಬೇಡ," ಎಂದ. ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು.

ಎರಡು ವರ್ಷದ ಮೇಲೆ ಇಳಿಜಾರಿನಲ್ಲಿ ನಾಲ್ಕು ಚಕ್ರದ ಬೈಕು ಮಗುಚಿ ಹೇಮಿಶ್ ಹೋದ. ಅಗ್ನಿಶಾಮಕ ಠಾಣೆಯ ಗೋಡೆಗೆ ಅವನ ಹೆಸರಿನ ಹಿತ್ತಾಳೆ ಫಲಕ ಬಂತು. ಕೊಟ್ಟ ಮಾತು ಅವಳೊಬ್ಬಳ ಹತ್ತಿರವೇ ಉಳಿಯಿತು.

*

"ಇದರೊಳಗೆ ಏನಿದೆ?" ಮಾರ್ನಿ ಕೋಲಿನ ತುದಿ ಮುಟ್ಟಿ ಕೇಳಿದಳು. ಶಾಲೆಗೆ ರಜೆ. ಅವಳು ರಾವಿರಿಯ ಬೆನ್ನು ಬಿಡುವಂತಿರಲಿಲ್ಲ.

"ಮೈಲುತುತ್ತದ ನೀರು. ನೋಡು, ನನ್ನ ಬೆರಳು ನೀಲಿ."

"ನೀನು ತೊಳ್ಕೊಳ್ಳಲ್ಲ, ಅದಕ್ಕೆ."

"ತೊಳೆದ್ರೂ ಹೋಗಲ್ಲ ಕಣೆ. ನಮ್ಮಮ್ಮ ನನ್ನ ಬೆರಳು ನೋಡಿನೇ ಯಾವ ವಾರ ಎಷ್ಟು ನಡೆದೆ ಅಂತ ಹೇಳ್ತಾಳೆ."

ಬ್ರೈಡಿ ಬೇಲಿಯ ತಂತಿ ಸರಿಮಾಡುವ ನೆಪದಲ್ಲಿ ಹತ್ತು ಹೆಜ್ಜೆ ಹಿಂದೆಯೇ ಬರುತ್ತಿದ್ದಳು. ಅವನು ಮಗುವಿಗೆ ಹೇಳುತ್ತಿದ್ದುದು ಅವಳಿಗೂ ಕೇಳಿಸುತ್ತಿತ್ತು. ನೆಲದಲ್ಲಿ ಹೂತ ಉಕ್ಕನ್ನು ಮಣ್ಣು ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ಮೊದಲು ಮೇಲೊಂದು ಹೊದಿಕೆ. ಆಮೇಲೆ ರಸ್ತೆ ಬದಿಯ ಆ ಪೆಟ್ಟಿಗೆಯಿಂದ ಸದಾ ಒಂದು ಚೂರು ಕರೆಂಟು. ಹೊದಿಕೆ ಎಲ್ಲಾದರೂ ಹರಿದರೆ ಕರೆಂಟು ಅಲ್ಲಿಗೆ ಓಡಿಹೋಗಿ ತುಕ್ಕು ಹಿಡಿಯದಂತೆ ಕಾಯುತ್ತದೆ. ಹಾಗೆ ಓಡುವುದನ್ನು ಈ ಕೋಲುಗಳು ಹಿಡಿಯುತ್ತವೆ. ಮೀಟರಿನ ಸೂಜಿ ಆ ಕಡೆ ವಾಲುತ್ತದೆ.

ಅವನು ಗೇಟಿನ ಹತ್ತಿರ ಕೋಲೂರಿದ. ಬ್ರೈಡಿ ತಂತಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ನೋಡಿದಾಗ ಅಂಗೈಯಲ್ಲಿ ಗೆರೆ ಬಿದ್ದಿತ್ತು. ಒಂದು ಹೆಜ್ಜೆ. ಕಂಬದ ಪಕ್ಕ. ಇನ್ನೊಂದು ಹೆಜ್ಜೆ. ರಾವಿರಿ ಮೀಟರ್ ನೋಡಿದ, ಮುಂದೆ ಹೋದ. ನಿಲ್ಲಲೇ ಇಲ್ಲ.

"ಸೂಜಿ ಅಲ್ಲಾಡಲೇ ಇಲ್ಲ," ಎಂದು ಮಾರ್ನಿ ಬೇಸರದಿಂದ ಹೇಳಿದಳು.

"ಅಲ್ಲಾಡದೆ ಇದ್ರೇ ಒಳ್ಳೇದು." ಅವನು ತಿರುಗಿ ಬ್ರೈಡಿಯನ್ನು ನೋಡಿ, ನೀಲಿ ಹೆಬ್ಬೆರಳನ್ನು ಮೇಲೆತ್ತಿದ. ಬೆಳಗಿನ ಬಿಸಿಲಿಗೆ ಕಣ್ಣುಗಳು ಕಿರಿದಾಗಿದ್ದವು. ಆ ನೋಟ ಮೀಟರಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಅವಳ ಮೇಲೆ ಉಳಿಯಿತು.

ಹೇಮಿಶ್ ಹೇಳಿದ್ದೇ ನಿಜವಿರಬೇಕು, ನೀರು ಹನಿಯೂ ಹೋಗಿಲ್ಲ. ಆರು ವರ್ಷದ ಭಾರ ಒಂದು ಹೆಜ್ಜೆಯಲ್ಲಿ ಇಳಿಯಿತು ಎಂದುಕೊಂಡಳು.

ಆ ನಿರಾಳ ಟೀ ಮುಗಿಯುವವರೆಗೂ ಉಳಿಯಲಿಲ್ಲ.

*

ಅತ್ತೆ ನೋಲೀನ್ ರಸ್ತೆಯಾಚೆ ದಿಬ್ಬದ ಮೇಲಿನ ಮನೆಯಿಂದ ಚೀಸ್ ಸ್ಕೋನ್ ಬನ್ನು ಮಾಡಿಕೊಂಡು ಬಂದಿದ್ದಳು. ರಾವಿರಿಯ ಗಾಡಿ ಕಂಡ ದಿನ ಅವಳಿಗೆ ಸ್ಕೋನ್ ಮಾಡುವ ಮನಸ್ಸಾಗುತ್ತಿತ್ತು.

"ಇಷ್ಟು ವಯಸ್ಸಾಯ್ತು, ಮನೇಲಿ ಯಾರಿದ್ದಾರೋ ನಿಂಗೆ?" ಎಂದು ತಟ್ಟೆ ಮುಂದೆ ತಳ್ಳಿದಳು.

"ಒಂದು ಬೆಕ್ಕಿದೆ. ಅದೂ ಪಕ್ಕದ ಮನೆಯವರದ್ದು."

"ಬೆಕ್ಕಿಗಿರೋ ಬುದ್ಧಿ ನಿಂಗಿಲ್ಲ. ಅದು ಊಟ ಸಿಗೋ ಮನೆ ನೋಡ್ಕೊಂಡಿದೆ."

ಬ್ರೈಡಿ ಟೀ ಕೊಡುವ ನೆಪದಲ್ಲಿ ಎದ್ದಳು. ಅವನಿಗೆ ಮಾರ್ನಿ ಯಾವಾಗಲೂ ಒಂದೇ ಕಪ್ ತೆಗೆದಿಡುತ್ತಿದ್ದಳು. ಅದರ ತಳದಲ್ಲಿ ಕೆಂಪು ನೇಲ್ ಪಾಲಿಶಿನಿಂದ ಅವನ ಹೆಸರಿನ ಮೊದಲ ಅಕ್ಷರ ಬರೆದಿದ್ದಳು. ಅವನಿಗೆ ಇನ್ನೂ ಗೊತ್ತಿರಲಿಲ್ಲ. ಕೊನೆಯ ಗುಟುಕಿಗೆ ಅವನು ಕಪ್ ಎತ್ತಿದಾಗ ಎದುರಿಗೆ ಕೂತವರಿಗೆ ಮಾತ್ರ ಅದು ಕಾಣುತ್ತಿತ್ತು. ಬ್ರೈಡಿ ಎದುರಿಗೇ ಕೂರುತ್ತಿದ್ದಳು.

"ರಾವಿರಿ, ನೀನು..." ಎಂದು ಮಾರ್ನಿ ಶುರು ಮಾಡಿ, ಅಮ್ಮನ ಮುಖ ನೋಡಿ, ನಿಲ್ಲಿಸಿದಳು.

"ನಾನು?"

"ಏನಿಲ್ಲ. ಹೊದಿಕೆ ಹರಿದ್ರೆ ಯಾವಾಗ್ಲೂ ಗೊತ್ತಾಗುತ್ತಾ?"

"ಬರೀ ಹರಿದ್ರೆ ಗೊತ್ತಾಗುತ್ತೆ. ಹರಿದಿದ್ದನ್ನ ಯಾರಾದ್ರೂ ಸಡಿಲವಾಗಿ ಮುಚ್ಚಿಬಿಟ್ಟಿದ್ರೆ ಗೊತ್ತಾಗಲ್ಲ." ಅವನು ಕರವಸ್ತ್ರ ತೆಗೆದು ಕಪ್ಪಿಗೆ ಸುತ್ತಿ ತೋರಿಸಿದ. "ನೋಡು, ನೀರು ಹೇಗೋ ಸಂದು ಹುಡುಕಿ ಒಳಗೆ ಹೋಗುತ್ತೆ. ಕರೆಂಟಿಗೆ ಹೋಗೋಕಾಗಲ್ಲ. ಒಳಗೊಳಗೇ ತಿನ್ನುತ್ತೆ. ಮೇಲೆ ನಡೆಯೋ ನನಗೆ ಎಲ್ಲ ಚೆನ್ನಾಗಿದೆ ಅಂತಲೇ ಕಾಣುತ್ತೆ. ನನಗೆ ಹೆದರಿಕೆ ಇರೋದು ಅದೊಂದರದ್ದೇ."

ಬ್ರೈಡಿಯ ಬಾಯಲ್ಲಿದ್ದ ಸ್ಕೋನ್ ಮಣ್ಣಾಯಿತು.

ಅವನು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ಪ್ರತಿ ವಸಂತದಲ್ಲೂ, ಅಂದರೆ ಅಲ್ಲಿ ಸೆಪ್ಟೆಂಬರಿನಲ್ಲಿ, ಜಮೀನಿನವರನ್ನು ಕೇಳುವ ಅದೇ ಪ್ರಶ್ನೆ: ಪೈಪಿನ ಹತ್ತಿರ ಎಂದಾದರೂ ಅಗೆದದ್ದು ನಿಮಗೆ ಗೊತ್ತೇ? ಅವನ ಎದುರಿಗೇ ಅವಳು ಈಗಾಗಲೇ ಎರಡು ಸಲ ಇಲ್ಲ ಎಂದು ಸಹಿ ಮಾಡಿದ್ದಳು.

"ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ," ಎಂದ.

"ಇದೇನು ಕೇಳೋದು?" ನೋಲೀನ್ ಗದರಿದಳು. "ನನ್ನ ಮಗ ಎಲೆಕೋಸು ನೆಡೋಕೂ ಫೋನ್ ಮಾಡ್ತಿದ್ದ. ಗೇಟು ಸೊಟ್ಟ ನೆಟ್ಟ, ಒಪ್ತೀನಿ. ಅದೊಂದು ಅವನ ಕೈಲಿ ಆಗ್ತಿರಲಿಲ್ಲ."

ಎಲ್ಲರೂ ನಕ್ಕರು. ಬ್ರೈಡಿ ಪೆನ್ನು ತೆಗೆದುಕೊಂಡು ಮೂರನೆಯ ಸಲ ಸಹಿ ಮಾಡಿದಳು.

ಅವನನ್ನು ಗಾಡಿಯವರೆಗೆ ಬಿಡಲು ಹೋದಾಗ ರಾವಿರಿ ಕೋಲುಗಳನ್ನು ಹಿಂದೆ ಇಟ್ಟು, ಬಾಗಿಲು ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ.

"ಶನಿವಾರ," ಎಂದ. "ಈ ಜಾಕೆಟ್ ಇಲ್ದೆ ಬಂದ್ರೆ ಬಾಗಿಲು ತೆಗೀತೀರಾ? ಓಪುನಾಕೆ ಬೀಚಿನ ಹತ್ತಿರ ಫಿಶ್ ಅಂಡ್ ಚಿಪ್ಸ್ ಚೆನ್ನಾಗಿರುತ್ತೆ. ಮಾರ್ನಿನೂ ಬರಲಿ. ಬರದಿದ್ರೂ... ಅಂದ್ರೆ, ಬಂದ್ರೂ ಸರಿ."

"ಯಾವುದು ಸರಿ?"

"ಎರಡೂ. ಈಗ ನಗಬೇಡಿ, ಇದನ್ನ ಹಳ್ಳದಿಂದ ಇಲ್ಲೀವರೆಗೆ ಬಾಯಿಪಾಠ ಮಾಡ್ಕೊಂಡು ಬಂದಿದೀನಿ."

ಅವಳು ನಕ್ಕಳು. ನಗುತ್ತಿದ್ದಾಗಲೇ, ಅವನ ಎದೆಯ ಜೇಬಿನಲ್ಲಿ ಮಡಚಿಟ್ಟ ತನ್ನ ಸಹಿ ಕಾಣುತ್ತಿತ್ತು.

*

ಶನಿವಾರಕ್ಕೆ ನಾಲ್ಕು ದಿನವಿತ್ತು.

ಬುಧವಾರ ಅವಳು ಗೇಟುಕಂಬದಿಂದ ಮಾರ್ನಿಯ ಕಿಟಕಿಯವರೆಗೆ ಹೆಜ್ಜೆ ಹಾಕಿದಳು. ಅರವತ್ತೊಂದು. ಗುರುವಾರ ಮತ್ತೆ ಹಾಕಿದಳು, ಎಲ್ಲಿ ತಪ್ಪಿದೆನೋ ಎಂದು. ಅರವತ್ತೊಂದೇ. ಹಾಲು ಕರೆಯುವಾಗ ಯಂತ್ರದ ಉಸ್ ಉಸ್ ಸದ್ದಿಗೂ ಬೆಚ್ಚುತ್ತಿದ್ದಳು. ಪಾತ್ರೆ ತೊಳೆಯುತ್ತ ಕಿಟಕಿಯಾಚೆ ನೋಡಿದರೆ, ಆ ಗೇಟಿನ ಮೇಲೆಯೇ ಮಗಳು ಕೂತು ಕಾಲಾಡಿಸುತ್ತಿದ್ದಳು. "ಇಳಿ ಅಲ್ಲಿಂದ," ಎಂದು ಕೂಗಿದಳು. ದನಿ ಎಷ್ಟು ಕರ್ಕಶವಾಗಿತ್ತೆಂದರೆ ಮಾರ್ನಿ ಅತ್ತೇಬಿಟ್ಟಳು.

ಹೇಳಿದರೆ ಎಲ್ಲ ಹೋಗುತ್ತದೆ. ಗೋಡೆಯ ಮೇಲಿನ ಫಲಕ, ನೋಲೀನಳ ಹೆಮ್ಮೆ, ಶನಿವಾರ. ಕಣ್ಣೆದುರೇ ಮೂರು ಸಲ ಸುಳ್ಳು ಬರೆದವಳನ್ನು ಅವನು ಹೇಗೆ ನೋಡುತ್ತಾನೆ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವನ ಮೀಟರೇ ಅವಳ ಪರವಾಗಿ ಸಾಕ್ಷಿ ಹೇಳಿಬಿಟ್ಟಿದೆ. ಬೀಚಿನಲ್ಲಿ ಅವನ ಪಕ್ಕ ಕೂರಬಹುದು. ಮನೆಗೆ ಬಂದು ಮಗಳನ್ನು ಆ ಕಿಟಕಿಯ ಪಕ್ಕ ಮಲಗಿಸಬಹುದು.

ಶನಿವಾರ ಮಧ್ಯಾಹ್ನ ರಾವಿರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಕಾಲರಿನ ಹತ್ತಿರ ಇಸ್ತ್ರಿಪೆಟ್ಟಿಗೆ ಸುಟ್ಟ ಸಣ್ಣ ಗುರುತಿತ್ತು. ಕೂದಲು ಒದ್ದೆ ಮಾಡಿ ಬಾಚಿದ್ದ. ಬ್ರೈಡಿ ಹೂವಿನ ಫ್ರಾಕು ತೊಟ್ಟಿದ್ದಳು, ಕಾಲಿಗೆ ಮಾತ್ರ ಕೊಟ್ಟಿಗೆಯ ರಬ್ಬರ್ ಬೂಟು.

"ಬೀಚಿಗೆ ಇದೇನಾ ಫ್ಯಾಷನ್?" ಎಂದ, ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ. "ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ."

"ಮೊದಲು ನನ್ನ ಜೊತೆ ಒಂದು ಕಡೆ ಬಾ."

ಮಾರ್ನಿಯನ್ನು ಅಜ್ಜಿಯ ಮನೆಗೆ ಕಳಿಸಿದ್ದಳು. ಅವನ ಮುಂದೆ ನಡೆದು, ಸೊಟ್ಟ ಗೇಟಿನ ಹತ್ತಿರ ನಿಂತು, ಕಂಬದಿಂದ ಎರಡಡಿ ಈಚೆ ಬೂಟಿನ ತುದಿಯಿಂದ ಹುಲ್ಲಿನ ಮೇಲೆ ಗೆರೆ ಎಳೆದಳು.

"ಇಲ್ಲಿ," ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಭಾನುವಾರ, ಠಣ್ ಎಂಬ ಸದ್ದು, ಒಂದೂವರೆ ಅಂಗೈ, ಹಸಿರು ಪ್ಲಾಸ್ಟಿಕ್, ಆರು ಸುತ್ತು, ಹುರಿ. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಅಂಗಿಯ ಸುಟ್ಟ ಗುರುತನ್ನೇ ನೋಡಿದಳು.

ಅವನು ಹುಲ್ಲಿನ ಮೇಲಿನ ಆ ಗೆರೆಯನ್ನೇ ನೋಡಿದ. ದೂರದಲ್ಲಿ ಒಂದು ಹಸು ಕರುವನ್ನು ಕರೆಯುತ್ತಿತ್ತು.

"ಮೂರು ಸಲ ಸಹಿ ಮಾಡಿದ್ರಿ," ಎಂದ.

"ಹೌದು."

"ಮೊದಲೆರಡು ಸಲ ನಾನು ನಿಮಗೆ ಯಾರೂ ಅಲ್ಲ. ಒಪ್ತೀನಿ. ಈ ಮಂಗಳವಾರ?"

"ಈ ಮಂಗಳವಾರ ನೀನು ಯಾರೋ ಆಗಿದ್ದೆ. ಅದಕ್ಕೇ ಹೇಳೋಕಾಗಲಿಲ್ಲ."

ಅವನ ಕಣ್ಣಲ್ಲಿ ಏನೋ ಬಂದು ಹೋಯಿತು. ಆಮೇಲೆ ಅವನು ಬೇರೆ ಮನುಷ್ಯನಾದ. ಎಷ್ಟು ಆಳ? ಪ್ಲಾಸ್ಟಿಕ್ ಎಷ್ಟು ಅಗಲ? ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದಾ? ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇರೇನೂ ಇರಲಿಲ್ಲ. ಫೋನ್ ತೆಗೆದು ಯಾರಿಗೋ ಮಾತಾಡಿದ. ಲೈನಿನ ಒತ್ತಡ ಇಳಿಸಿ ಎಂದ. ಎರಡು ಸಲ ಎಂದ. ಬಿಳಿ ಅಂಗಿಯಲ್ಲೇ ಗಾಡಿಯಿಂದ ಹಗ್ಗ ತಂದು ಗೇಟಿನ ಸುತ್ತ ಕಟ್ಟಿದ.

"ಹಸುಗಳನ್ನ ಆ ಕಡೆ ಹೊಲಕ್ಕೆ ಬಿಡಿ. ಟ್ರ್ಯಾಕ್ಟರ್ ಈ ಕಡೆ ತರಬೇಡಿ. ನೀವು, ಮಾರ್ನಿ, ನಾನು ಹೇಳೋವರೆಗೂ ನೋಲೀನ್ ಮನೇಲಿ ಇರಿ."

"ರಾವಿರಿ."

"ಈಗಲೇ ಹೋಗಿ, ಬ್ರೈಡಿ. ದಯವಿಟ್ಟು."

*

ಬ್ರೈಡಿ ಹೇಳಿದ್ದನ್ನು ನೋಲೀನ್ ನಿಂತುಕೊಂಡೇ ಕೇಳಿದಳು. ಒಲೆಯ ಮೇಲೆ ಏನೋ ಸೀದುಹೋಗುವ ವಾಸನೆ ಬಂದರೂ ಅಲ್ಲಾಡಲಿಲ್ಲ.

"ಅವನಿಗೆ ಗೊತ್ತಿತ್ತು," ಎಂದಳು ಕೊನೆಗೆ. "ಅದೆಷ್ಟು ಅಪಾಯ ಅಂತ ಬೇರೆ ಯಾರಿಗೆ ಗೊತ್ತಿರದಿದ್ರೂ ಅವನಿಗೆ ಗೊತ್ತಿತ್ತು."

"ಮಾತು ಕೊಟ್ಟಿದ್ದೆ ಅವನಿಗೆ."

"ನೀನು ಕೊಟ್ಟೆ. ಅವನು ಕೇಳಬಾರದಾಗಿತ್ತು." ಅವಳು ಬೀರು ತೆಗೆದು ಹಾಸಿಗೆಯ ಬಟ್ಟೆಗಳನ್ನು ಹೊರಗೆಳೆದಳು. ಬೆನ್ನು ತಿರುಗಿಸಿಯೇ ಹೇಳಿದಳು, "ಮಗಳು ಆ ಕಿಟಕಿ ಪಕ್ಕ ಮಲಗ್ತಾಳೆ ಅಂತಾದ್ರೂ ನೆನಪಾಗಬಾರದಾ ಅವನಿಗೆ?" ದಿಂಬಿನ ಚೀಲಕ್ಕೆ ದಿಂಬು ತುರುಕುತ್ತ ಅವಳ ಕೈ ನಿಂತಿತು. ಬ್ರೈಡಿ ಹೋಗಿ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಹಾಸಿಗೆ ಹಾಸಿದರು.

ಸೋಮವಾರ ಅಗೆದರು. ಯಂತ್ರದಿಂದಲ್ಲ, ಗುದ್ದಲಿಯಿಂದ, ಕೊನೆಯ ಒಂದಡಿ ಕೈಯಿಂದ. ಬ್ರೈಡಿ, ಮಾರ್ನಿ, ನೋಲೀನ್ ರಸ್ತೆಯಾಚೆ ಕಟ್ಟಿದ ಹಗ್ಗದ ಹಿಂದೆ ನಿಂತಿದ್ದರು. ಹಸಿರು ಪ್ಲಾಸ್ಟಿಕ್ ಮೇಲೆ ಬಂತು. ಹುರಿ ಇನ್ನೂ ಹೇಮಿಶನ ಗಂಟಿನಲ್ಲೇ ಇತ್ತು. ಪ್ಲಾಸ್ಟಿಕ್ ಸೀಳಿದಾಗ ಒಳಗಿನಿಂದ ಕಪ್ಪು ನೀರು ಸುರಿಯಿತು. ರಾವಿರಿ ಗುಂಡಿಯೊಳಗೆ ಮಂಡಿಯೂರಿ ಉಜ್ಜಿದ, ಒರೆಸಿದ, ಸಣ್ಣದೊಂದು ಅಳತೆಯ ಕಡ್ಡಿ ಇಟ್ಟ. ಇನ್ನೊಮ್ಮೆ ಇಟ್ಟ. ಆಮೇಲೆ ಅಲ್ಲೇ ಕುಸಿದು ಕೂತು, ಟೋಪಿ ತೆಗೆದು, ಹಣೆಯನ್ನು ಮೊಣಕೈಯಿಂದ ಒರೆಸಿಕೊಂಡ.

ಆಮೇಲೆ ಎದ್ದು ಹಗ್ಗದ ಹತ್ತಿರ ಬಂದ.

"ಉಕ್ಕಿನ ದಪ್ಪ ಎಂಟು ಮಿಲಿಮೀಟರ್," ಎಂದ, ಮೆಲ್ಲಗೆ, ಅವಳಿಗೊಬ್ಬಳಿಗೆ ಕೇಳುವಂತೆ. "ಐದು ತಿಂದುಹಾಕಿದೆ. ಇನ್ನು ಎರಡು ವರ್ಷಕ್ಕೆ ಒಡೀತಿತ್ತು. ಮೂರು ಅಂದ್ಕೊಳ್ಳಿ. ನಾನು ಪ್ರತಿ ಸಲ ಈ ಗೇಟು ದಾಟಿ ಬಂದು, ಎಲ್ಲ ಚೆನ್ನಾಗಿದೆ ಅಂತ ಬರೆದು, ನಿಮ್ಮನೇಲಿ ಟೀ ಕುಡಿದು ಹೋಗ್ತಿದ್ದೆ."

ಅವನ ದನಿ ಒಡೆಯಿತು. ಹೆದರಿದ್ದು ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

"ಸರಿಹೋಗುತ್ತಾ?"

"ಹೋಗುತ್ತೆ. ಉಕ್ಕಿನ ಕವಚ ಹಾಕ್ತಾರೆ. ಹೊಸ ಹೊದಿಕೆ." ಅವನು ಹಿಂದೆ ತಿರುಗಿ ಕೆಲಸದವರನ್ನು ನೋಡಿದ. ಅವರು ಇತ್ತಲೇ ನೋಡುತ್ತಿದ್ದರು. "ಬ್ರೈಡಿ, ಇನ್ನು ಈ ಲೈನು ನಾನು ನೋಡಲ್ಲ. ಬೇರೆಯವರಿಗೆ ಕೊಡಿ ಅಂತ ಬೆಳಿಗ್ಗೆ ಬರೆದುಕೊಟ್ಟೆ."

ಅವಳು ತಲೆಯಾಡಿಸಿದಳು. ಕೇಳುವ ಹಕ್ಕು ತನಗೆಲ್ಲಿದೆ?

"ರಾವಿರಿ, ನೀನು..." ಮಾರ್ನಿ ಹಗ್ಗದ ಕೆಳಗೆ ನುಸುಳಿ ಬಂದಳು. ಇಬ್ಬರ ಮುಖವನ್ನೂ ನೋಡಿ ಬಾಯಿ ಮುಚ್ಚಿಕೊಂಡಳು.

ನೋಲೀನ್ ಆ ಹುರಿಯ ಗಂಟನ್ನು ಕೇಳಿ ಪಡೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮುಂದಿನ ವಾರ ತಾನೇ ಅಗ್ನಿಶಾಮಕ ಠಾಣೆಗೆ ಹೋಗಿ, ಹಸಿರು ಪ್ಲಾಸ್ಟಿಕ್ಕಿನ ತುಂಡನ್ನು ಮೇಜಿನ ಮೇಲಿಟ್ಟು, ಮಕ್ಕಳಿಗೆ ಪಾಠ ಹೇಳುವಾಗ ಇದನ್ನೂ ತೋರಿಸಿ ಎಂದು ಹೇಳಿ ಬಂದಳು. ಫಲಕವನ್ನು ಯಾರೂ ತೆಗೆಯಲಿಲ್ಲ.

*

ಅಕ್ಟೋಬರ್ ಹೋಯಿತು. ಕಂಪನಿಯಿಂದ ಒಂದು ಬಿಗಿ ಎಚ್ಚರಿಕೆಯ ಪತ್ರ ಬಂತು. ಬ್ರೈಡಿ ಈ ಸಲ ಬಾಗಿಲಲ್ಲೇ ನಿಂತು ಒಡೆದು ಓದಿದಳು. ಗೇಟಿನ ಕಂಬವನ್ನು ಬೇರೆ ಕಡೆ ನೆಟ್ಟು, ಗೇಟನ್ನು ನೆಟ್ಟಗೆ ತೂಗುಹಾಕಿಕೊಟ್ಟಿದ್ದರು. ಈಗ ಒಂದು ಬೆರಳಿಂದ ತಳ್ಳಿದರೆ ತೆರೆಯುತ್ತಿತ್ತು. ಅದು ಹಾಗೆ ಸದ್ದಿಲ್ಲದೆ ತೆರೆದಾಗಲೆಲ್ಲ ಅವಳಿಗೆ ಏನೋ ಕಳೆದುಹೋದಂತಾಗುತ್ತಿತ್ತು.

ನವೆಂಬರಿನ ಮಂಗಳವಾರ ಪೆಟ್ಟಿಗೆ ನೋಡಲು ಹೊಸಬಳೊಬ್ಬಳು ಬಂದಳು. ಒಳ್ಳೆಯ ಹುಡುಗಿ, ಎರಡು ಸ್ಕೋನ್ ತಿಂದಳು. ಬ್ರೈಡಿ ಶೆಲ್ಫಿಗೆ ಕೈಚಾಚಿದಾಗ ಮಾರ್ನಿ ಅಡ್ಡ ಬಂದಳು. "ಆ ಕಪ್ ಅಲ್ಲ ಅಮ್ಮ," ಎಂದು ಹೂವಿನ ಕಪ್ ಕೊಟ್ಟಳು. ರಾವಿರಿ ಹೇಗಿದ್ದಾನೆ ಎಂದು ಕೇಳುವ ಮಾತು ಬ್ರೈಡಿಯ ನಾಲಿಗೆಯ ತುದಿಗೆ ನಾಲ್ಕು ಸಲ ಬಂದು ನಾಲ್ಕು ಸಲ ಹಿಂದೆ ಹೋಯಿತು.

ಆ ಭಾನುವಾರ ಬೆಳಿಗ್ಗೆ ಅವಳು ತೊಟ್ಟಿ ತೊಳೆಯುತ್ತಿದ್ದಳು. ಕರುಗಳು ದೊಡ್ಡವಾಗಿ ಹುಲ್ಲಿಗೆ ಹೋಗಿದ್ದವು. ನಾಯಿ ಬೊಗಳಿತು, ಆಮೇಲೆ ಬೊಗಳುವುದು ಬಿಟ್ಟು ಕುಂಯ್ ಎನ್ನತೊಡಗಿತು. ಮರುಕ್ಷಣ ಗೇಟಿನ ಕಡೆಯಿಂದ ದಡಾರ್ ಎಂದು ಸದ್ದಾಯಿತು.

ಅವಳು ಓಡಿಹೋದಳು. ರಾವಿರಿ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಳೆಯ ಅಭ್ಯಾಸಕ್ಕೆ ಭುಜ ಕೊಟ್ಟು ಎತ್ತಿದ್ದ. ನೆಟ್ಟಗಿದ್ದ ಗೇಟು ಕೀಲಿನಿಂದಲೇ ಕಳಚಿಕೊಂಡು ಅವನ ಕೈಗೆ ಬಂದಿತ್ತು. ಕಿತ್ತಳೆ ಜಾಕೆಟ್ ಇರಲಿಲ್ಲ. ಕೋಲುಗಳಿರಲಿಲ್ಲ. ಕಾಲರಿನ ಹತ್ತಿರ ಸುಟ್ಟ ಗುರುತಿದ್ದ ಅದೇ ಬಿಳಿ ಅಂಗಿ.

"ಇದನ್ನ ಸರಿ ಮಾಡಿದಾರೆ ಅಂತ ಯಾರೂ ಹೇಳಲಿಲ್ಲ," ಎಂದ.

"ಸರಿಯಾಗಿತ್ತು. ಈಗಷ್ಟೇ ಹಾಳಾಯ್ತು."

ಇಬ್ಬರೂ ಗೇಟಿನ ಎರಡು ತುದಿ ಹಿಡಿದು ಕೀಲಿಗೆ ಕೂರಿಸಿದರು. ಕೂತ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ. ಅವನ ಬೆರಳುಗಳಲ್ಲಿ ನೀಲಿ ಇಲ್ಲದ್ದನ್ನು ಅವಳು ನೋಡಿದಳು.

"ವರದಿ ಮುಗಿಯೋವರೆಗೂ ಈ ಕಡೆ ತಲೆ ಹಾಕಬಾರದು, ಫೋನೂ ಮಾಡಬಾರದು ಅಂದಿದ್ರು," ಎಂದ. "ಶುಕ್ರವಾರ ಮುಗೀತು."

"ಹೊಸ ಹುಡುಗಿ ಒಳ್ಳೆಯವಳು."

"ಹೌದು. ಎರಡು ಸ್ಕೋನ್ ತಿಂದಳಂತೆ."

"ಕರುಗಳು ದೊಡ್ಡವಾದ್ವು."

"ಕಾಣ್ತಿವೆ."

ಗಾಳಿ ಬೀಸಿತು. ಇಬ್ಬರೂ ಗೇಟನ್ನೇ ನೋಡಿದರು. ಎರಡು ತಿಂಗಳು ಮನಸ್ಸಿನಲ್ಲಿ ಹೇಳಿಕೊಂಡ ಮಾತುಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಅವನು ಈಗ ಹೊರಟುಬಿಡುತ್ತಾನೆ ಎಂಬ ಹೆದರಿಕೆ ಮಾತ್ರ ಕಿವಿಯವರೆಗೆ ಬಡಿಯುತ್ತಿತ್ತು.

"ಲೈನು ಬಿಡೋಕೆ ಕಾರಣ ಬರೀಬೇಕಿತ್ತು," ರಾವಿರಿ ಕೊನೆಗೆ ಹೇಳಿದ. "ಸ್ವಂತ ಕಾರಣ ಅಂತ ಬರೆದೆ. ಯಾಕೆ, ಆ ಮನೆಯವರ ಜೊತೆ ಜಗಳಾನಾ ಅಂತ ಸಾಹೇಬ್ರು ಕೇಳಿದ್ರು. ನಂಗೂ ಇನ್ನೂ ಗೊತ್ತಿಲ್ಲ, ಹೋಗಿ ಕೇಳ್ಬೇಕು ಅಂದೆ."

"ಯಾರನ್ನ ಕೇಳ್ಬೇಕು?" ಬ್ರೈಡಿಯ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ಅವನು ಕೆಂಪಾದ. ಬಾಯಿ ತೆರೆದ, ಗೇಟಿನ ಕೀಲು ನೋಡಿದ, ಬೂಟು ನೋಡಿದ. ಹಳ್ಳದಿಂದ ಇಲ್ಲಿಯವರೆಗೆ ಬಾಯಿಪಾಠ ಮಾಡಿಕೊಂಡು ಬಂದದ್ದು ಈ ಸಲ ಪೂರ್ತಿ ಮರೆತಿರಬೇಕು.

ಮೆಟ್ಟಿಲ ಮೇಲೆ ಮಾರ್ನಿ ನಿಂತಿದ್ದಳು, ಎರಡೂ ಕೈಯಲ್ಲಿ ಆ ಕಪ್ ಹಿಡಿದು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಮ್ಮನ ಮುಖ ನೋಡಿದಳು, ಅವನ ಮುಖ ನೋಡಿದಳು, ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

"ರಾವಿರಿ, ಪೈಪಂತೂ ಈಗ ನಿನ್ನದಲ್ಲ," ಎಂದಳು. "ಹಾಗಿದ್ರೆ ನೀನು ಯಾರನ್ನ ನೋಡೋಕೆ ಬಂದೆ?"